ಎವರಿಸ್ತೊ ಹಿತ್ತಲಲ್ಲಿ ಹೂತ ತಲೆ

ಎವರಿಸ್ತೊ ಕಾರ್ದೋನಾ ಶನಿವಾರ ಮಧ್ಯಾಹ್ನ ಎರಡೂವರೆಗೆ ತನ್ನ ಹಿತ್ತಲಲ್ಲಿ ಒಂದು ತಲೆಯನ್ನು ಹೂತ. ಇಷ್ಟರ ಮಟ್ಟಿಗೆ ಸಾನ್ ಹೆಲಾಸಿಯೊ ಊರಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ತಲೆ ಯಾರದು ಎಂಬ ವಿಷಯದಲ್ಲಿ ಮಾತ್ರ ಬುಧವಾರದವರೆಗೆ ಎರಡು ಪಕ್ಷಗಳಿದ್ದವು.

ಅದು ದನದ ತಲೆ. ತೂಕ ಹದಿನಾಲ್ಕು ಕಿಲೊ, ನಾಲಿಗೆ ಸೇರಿ. ಕಸಾಯಿಖಾನೆಯಿಂದ ಅದು ಬಂದದ್ದನ್ನು ಎದುರು ಮನೆಯವನಾದ ನಾನು ಕಣ್ಣಾರೆ ಕಂಡಿದ್ದೇನೆ. ಗೋಣಿಚೀಲದಲ್ಲಿ ಸುತ್ತಿತ್ತು, ಚೀಲದಿಂದ ರಕ್ತ ತೊಟ್ಟಿಕ್ಕಿ ಬಾಗಿಲಿನಿಂದ ಹಿತ್ತಲಿನವರೆಗೆ ಗೆರೆ ಎಳೆದಿತ್ತು. ಆ ಗೆರೆಯನ್ನು ನನ್ನ ಹಾಗೆಯೇ ಇಡೀ ಓಣಿ ನೋಡಿತು.

ಎವರಿಸ್ತೊನಿಗೆ ಐವತ್ತೆರಡು ವರ್ಷ. ಜನನ ಮರಣ ನೋಂದಣಿ ಕಚೇರಿಯಲ್ಲಿ ಜನನದ ಕಿಟಕಿಯ ಗುಮಾಸ್ತ. ಮಗಳು ಯಾದಿರಾಳನ್ನು ಮೆಚ್ಚಿದ ಹುಡುಗನ ಅಪ್ಪ ದೋನ್ ಅಬುಂದಿಯೊ, ದನ ಸಾಗಿಸುವ ಮೂರು ಲಾರಿಗಳ ಮಾಲೀಕ. ಮೂರು ವಾರದ ಹಿಂದೆ ಅವರ ಮನೆಯ ಊಟದ ಮೇಜಿನಲ್ಲಿ ಎವರಿಸ್ತೊ ಎರಡನೇ ಬಿಯರ್ ಮುಗಿಸಿ ಹೇಳಿದ್ದು ಇಷ್ಟು: "ನಮ್ಮ ಮನೇಲಿ ಬಾರ್ಬಕೋವಾ ಅಂಗಡಿಯಿಂದ ತಂದದ್ದೇ ಇಲ್ಲ ನೋಡಿ. ತಾತನ ಕಾಲದಿಂದ ಗುಂಡೀಲೇ ಬೇಯಿಸೋದು."

ತಾತ ರೈಲ್ವೆಯಲ್ಲಿ ಟಿಕೆಟು ಕೊಡುತ್ತಿದ್ದವರು. ಹೊಟ್ಟೆಹುಣ್ಣಿನಿಂದ ಕೊನೆಯ ಮೂವತ್ತು ವರ್ಷ ಹಾಲು ಬಿಟ್ಟು ಏನನ್ನೂ ಮುಟ್ಟಲಿಲ್ಲ.

ದೋನ್ ಅಬುಂದಿಯೊ ಮೀಸೆ ಒರೆಸಿಕೊಂಡು, "ಹಾಗಾದ್ರೆ ಹೆಣ್ಣು ಕೇಳೋಕೆ ಬಂದಾಗ ಅದನ್ನೇ ತಿನ್ನೋಣ, ಬೀಗರೇ. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ," ಎಂದರು. ಬೀಗರೇ ಎಂಬ ಮಾತು ಬಾಯಿಂದ ಬಂದಿತ್ತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಬಾರ್ಬಕೋವಾ ಎಂಬ ಈ ಗುಂಡಿಯ ಅಡುಗೆ ಹೇಳುವುದಕ್ಕೆ ಸುಲಭ. ಮಂಡಿಯಾಳದ ಗುಂಡಿ ತೋಡಿ ಕಲ್ಲು ಹಾಸಬೇಕು. ಜಾಲಿ ಕಟ್ಟಿಗೆ ನಾಲ್ಕು ಗಂಟೆ ಉರಿದು ಕೆಂಡವಾಗಬೇಕು. ತಲೆಗೆ ಉಪ್ಪು, ಬೆಳ್ಳುಳ್ಳಿ, ಮೆಣಸು, ದಾಲ್ಚಿನ್ನಿ ಎಲೆ ತಿಕ್ಕಿ, ಸುಟ್ಟು ಬಾಡಿಸಿದ ಕತ್ತಾಳೆ ಪಟ್ಟೆಯಲ್ಲಿ ಸುತ್ತಿ, ಒದ್ದೆ ಗೋಣಿ ಹೊದಿಸಿ ಇಳಿಸಬೇಕು. ಮೇಲೆ ತಗಡು, ತಗಡಿನ ಮೇಲೆ ಕೆಸರು. ಹನ್ನೆರಡು ಹದಿನಾರು ಗಂಟೆ ಉಸಿರಾಡಲು ಬಿಡದೆ ಇಟ್ಟರೆ ಬೆಳಿಗ್ಗೆ ಕೆನ್ನೆಯ ಮಾಂಸ ಬೆರಳು ತಾಗಿದೊಡನೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ನಡುವೆ ಒಮ್ಮೆ ತೆರೆದರೂ ಮುಗಿಯಿತು, ಚಪ್ಪಲಿ ಅಗಿದ ಹಾಗೆ. ಎಲ್ಲ ಸರಿಯಾಗಿ ಆಗಲೆಂದು ಕೆಸರಿನ ಮೇಲೆ ಎರಡು ಕಡ್ಡಿ ಕಟ್ಟಿ ಸಣ್ಣ ಶಿಲುಬೆ ನೆಡುವುದು ನಮ್ಮಲ್ಲಿ ವಾಡಿಕೆ.

ಎವರಿಸ್ತೊ ಇದೆಲ್ಲವನ್ನೂ ಚಾಚೂ ತಪ್ಪದೆ ಮಾಡಿದ. ತಪ್ಪಿದ್ದು ಬೇರೆ ಕಡೆ. ಅಡುಗೆ ಕೆಟ್ಟರೆ ಗುಟ್ಟಾಗಿ ಅಂಗಡಿಯಿಂದ ನಾಲ್ಕು ಕಿಲೊ ತಂದು ಗುಂಡಿಯದೆಂದು ಬಡಿಸುವುದು ಅವನ ಯೋಜನೆ. ಅಡುಗೆ ಕೆಟ್ಟದ್ದು ಓಣಿಗೆ ಗೊತ್ತಾದರೆ ಬೀಗರಿಗೂ ಗೊತ್ತಾಗುತ್ತದೆ, ಹಾಗಾಗಿ ಗುಂಡಿ ಏಕೆಂದು ಯಾರಿಗೂ ತಿಳಿಯಬಾರದು. ಗುರುವಾರ ಪಕ್ಕದ ಮನೆಯಾಕೆ ದೋನ್ಯಾ ತೆಂಚಾ ಗೋಡೆಯ ಮೇಲಿಂದ ಇಣುಕಿ ಕೇಳಿದಾಗ, "ನಿಂಬೆ ಗಿಡಕ್ಕೆ," ಎಂದ. ಕ್ಷೌರದ ಅಂಗಡಿಯವನಿಗೆ, "ನೀರಿನ ಪೈಪು ಒಡೆದಿದೆ," ಎಂದ. ನನಗೆ, "ಶೌಚದ ಗುಂಡಿ," ಎಂದ. ಶುಕ್ರವಾರ ಸಂಜೆ ನಾವು ಮೂವರೂ ಬ್ರೆಡ್ಡಿನ ಅಂಗಡಿಯಲ್ಲಿ ಸೇರಿದೆವು.

ಒಂದು ಗುಂಡಿ, ಮೂರು ಕಾರಣ. ಇದರ ಮೇಲೆ ಬೀಗರು ಬರುತ್ತಾರೆಂದು ಮರದ ಬುಡಗಳಿಗೆ ಬಳಿಯಲು ಅವನು ಒಂದು ಮೂಟೆ ಸುಣ್ಣ ತರಿಸಿದ್ದ. ನಮ್ಮ ತಾಲೂಕಿನಲ್ಲಿ ಎಂಟು ವರ್ಷದಲ್ಲಿ ಮನೆಯಿಂದ ಹೋಗಿ ಮರಳದವರು ಸರಕಾರದ ಲೆಕ್ಕದಲ್ಲಿ ಇನ್ನೂರ ಹನ್ನೆರಡು, ತಾಯಂದಿರ ಲೆಕ್ಕದಲ್ಲಿ ಮುನ್ನೂರ ನಲವತ್ತು. ಗುಂಡಿ, ಬೆಂಕಿ, ಸುಣ್ಣ, ರಕ್ತದ ಗೋಣಿ, ಕೊನೆಗೆ ಮಣ್ಣಿನ ಗುಪ್ಪೆಯ ಮೇಲೊಂದು ಶಿಲುಬೆ. ಇಂಥ ಊರಿನಲ್ಲಿ ಇಷ್ಟನ್ನು ಒಟ್ಟಿಗೆ ಕಂಡವರು ನಿಂಬೆ ಗಿಡದ ಬಗ್ಗೆ ಯೋಚಿಸುವುದಿಲ್ಲ.

ಮೂರೂಕಾಲಿಗೆ ದೋನ್ಯಾ ತೆಂಚಾ ಪೊಲೀಸರಿಗೆ ಫೋನು ಮಾಡಿದರು. ಅದು ಅನಾಮಧೇಯ ದೂರು. ಬಾಗಿಲಲ್ಲಿ ನಿಂತೇ ಮಾಡಿದ್ದರಿಂದ ಓಣಿಗೆಲ್ಲ ಕೇಳಿಸಿತು.

"ಹೆಸರು ಹೇಳಲ್ಲ. ನಮ್ಮ ಪಕ್ಕದ ಮನೆ... ನಮ್ಮ ಮನೆ ಯಾವುದು ಅಂತಾನೂ ಹೇಳಲ್ಲ. ಹಸಿರು ಬಾಗಿಲು. ಬೇಗ ಬನ್ನಿ, ಬಾಗಿಲಲ್ಲೇ ಇರ್ತೀನಿ."

ಅರ್ಧ ಗಂಟೆಯೊಳಗೆ ಇಬ್ಬರು ಪೇದೆಗಳು, ಇನ್ನರ್ಧ ಗಂಟೆಯಲ್ಲಿ ತನಿಖಾಧಿಕಾರಿ ಬರ್ರಾಗಾನ್ ಬಂದರು. ಅವರ ಹಿಂದೆ ಹಿತ್ತಲು ತುಂಬುವಷ್ಟು ಜನ.

"ಒಳಗೇನಿದೆ?"

"ಬಾರ್ಬಕೋವಾ, ಸಾಹೇಬ್ರೆ."

ಜನ ನಕ್ಕರು. "ಇವನಾ? ಮೊಟ್ಟೆ ಬೇಯಿಸೋಕೆ ಬರಲ್ಲ ಇವನಿಗೆ," ಎಂದರು ದೋನ್ಯಾ ತೆಂಚಾ. "ಪ್ರತಿ ಭಾನುವಾರ ಎಂಟು ಗಂಟೆಗೆ ಅಂಗಡಿ ಸಾಲಲ್ಲಿ ನನ್ನ ಹಿಂದೇನೇ ನಿಂತಿರ್ತಾನೆ, ಪಾತ್ರೆ ಹಿಡ್ಕೊಂಡು."

ಅಧಿಕಾರಿ ಎವರಿಸ್ತೊನ ಹೆಂಡತಿ ಲುಸಿಲಾಳ ಕಡೆ ತಿರುಗಿದರು. "ನಿಮ್ಮ ಯಜಮಾನರು ಅಡುಗೆ ಮಾಡ್ತಾರಾ?"

ಲುಸಿಲಾ ಸುಳ್ಳು ಹೇಳುವವಳಲ್ಲ. "ಇಪ್ಪತ್ತಾರು ವರ್ಷದಲ್ಲಿ ನಾನಂತೂ ನೋಡಿಲ್ಲ ಸಾಹೇಬ್ರೆ," ಎಂದಳು.

ಎವರಿಸ್ತೊ ಅಡುಗೆ ಮಾಡುತ್ತಿದ್ದಾನೆಂದು ನಂಬುವುದಕ್ಕಿಂತ ಕೊಲೆ ಮಾಡಿದ್ದಾನೆಂದು ನಂಬುವುದು ನಮ್ಮ ಓಣಿಗೆ ಸುಲಭವಾಯಿತು. ಇದರಲ್ಲಿ ದ್ವೇಷವೇನೂ ಇರಲಿಲ್ಲ. ಅವನು ಕಸಾಯಿಖಾನೆಯ ರಸೀದಿ ತಂದು ತೋರಿಸಿದ. ಅಧಿಕಾರಿ ಅದನ್ನು ಎರಡು ಸಲ ಓದಿ, "ತಲೆ ಕೊಂಡಿದ್ದೀರಿ ಅಂತ ಇದೆ. ಹೂತಿರೋದು ಇದೇ ತಲೆ ಅಂತ ಎಲ್ಲಿದೆ?" ಎಂದರು.

ಹಿರಿಯ ಪೇದೆ ಸಲಿಕೆ ಎತ್ತಿಕೊಂಡ. "ತೆಗೆದು ನೋಡಿಬಿಡೋಣ ಸಾರ್."

ಎವರಿಸ್ತೊ ಗುಪ್ಪೆಯ ಮೇಲೆ ಕೈ ಚಾಚಿ ಅಡ್ಡ ನಿಂತ. "ಕನ್ಯಾಮರಿಯಮ್ಮನಾಣೆ, ಈಗ ಬೇಡಿ! ನಾಳೆ ಬೆಳಿಗ್ಗೆ ಏಳರವರೆಗೆ ಮುಟ್ಟಬೇಡಿ! ಕೋಪ ಇರೋರು ದೂರ ನಿಲ್ಲಿ, ಕೋಪ ತಾಗಿದ್ರೆ ಮಾಂಸ ಬೇಯಲ್ಲ!"

ಅಧಿಕಾರಿ ಬರೆದುಕೊಂಡರು: ಆರೋಪಿಯು ಅಗೆತವನ್ನು ವಿರೋಧಿಸಿದನು. ಆಮೇಲೆ, ವಿಧಿವಿಜ್ಞಾನ ತಜ್ಞರಿಲ್ಲದೆ ತೆರೆದರೆ ಸಾಕ್ಷ್ಯನಾಶವಾಗುತ್ತದೆಂದು ಹೇಳಿ ಗುಂಡಿಯ ಸುತ್ತ ಹಳದಿ ಪಟ್ಟಿ ಕಟ್ಟಿಸಿದರು. ತಜ್ಞರಿಗೆ ಆದೇಶ ಬರೆದು ಅಲ್ಲೇ ಸಹಿ ಹಾಕಿದರು. ಭಾನುವಾರ ರಜೆ, ಸೋಮವಾರ ಸರಕಾರಿ ರಜೆ, ಮಂಗಳವಾರ ತಜ್ಞರ ಗಾಡಿ ರಿಪೇರಿ. ಬುಧವಾರ ಬೆಳಿಗ್ಗೆ ಹತ್ತಕ್ಕೆ.

"ಬುಧವಾರಾನಾ?" ಎವರಿಸ್ತೊ ಕೂಗಿದ. "ಕೊಳೆತು ಹೋಗುತ್ತೆ ಸಾಹೇಬ್ರೆ! ಈಗಲೇ ತೆಗೀರಿ!"

ಅಧಿಕಾರಿ ಗಡಿಯಾರ ನೋಡಿ ಬರೆದರು: ಇಪ್ಪತ್ತು ನಿಮಿಷಗಳಲ್ಲಿ ಆರೋಪಿಯು ಹೇಳಿಕೆ ಬದಲಿಸಿದನು.

ಆರು ಗಂಟೆಗೆ ಜನ ತಾವಾಗಿ ದಾರಿ ಬಿಟ್ಟರು. ದೋನ್ಯಾ ಎರ್ಮಿನಿಯಾ ಬಂದಿದ್ದರು. ಓಣಿಯ ಕೊನೆಯ ಮನೆಯವರು. ಮಗ ಎಫ್ರೈನ್ ಆರು ವರ್ಷದ ಹಿಂದೆ ಟೈರಿಗೆ ಗಾಳಿ ಹಾಕಿಸಲು ಹೋದವನು ಬಂದಿಲ್ಲ. ಅಂದಿನಿಂದ ಅವರು ಕಾಣೆಯಾದ ಮಕ್ಕಳನ್ನು ಹುಡುಕುವ ಇತರ ತಾಯಂದಿರ ಜೊತೆ ಗುಡ್ಡ ಗುಡ್ಡ ಅಲೆಯುತ್ತಾರೆ. ಕೈಯಲ್ಲಿ ತುದಿ ಚೂಪಾದ ಕಬ್ಬಿಣದ ಸರಳು. ಅನುಮಾನದ ಜಾಗದಲ್ಲಿ ಅದನ್ನು ಸುತ್ತಿಗೆಯಿಂದ ನೆಲಕ್ಕಿಳಿಸಿ, ಹೊರಗೆಳೆದು, ತುದಿ ಮೂಸಿ ನೋಡುತ್ತಾರೆ. ಅವರು ಎದುರಾದರೆ ನಮ್ಮ ಓಣಿಯವರಿಗೆ ಏನೋ ತುರ್ತು ಕೆಲಸ ನೆನಪಾಗುತ್ತದೆ. ನನಗೂ ನೆನಪಾಗುತ್ತಿತ್ತು.

ಅಧಿಕಾರಿಗೆ ಈಗ ನೆನಪಾದದ್ದು ಮೊಬೈಲು.

"ನಮಸ್ಕಾರ ಸಾಹೇಬ್ರೆ," ಎಂದರು ದೋನ್ಯಾ ಎರ್ಮಿನಿಯಾ. "ಹೇಸರಗತ್ತೆ ಗುಡ್ಡಕ್ಕೆ ತಜ್ಞರನ್ನ ಕಳಿಸಿ ಅಂತ ಕೇಳಿ ಹದಿನಾಲ್ಕು ತಿಂಗಳಾಯ್ತು. ಇಲ್ಲಿಗೆ ಒಂದು ಗಂಟೇಲಿ ಬಂದ್ರಲ್ಲ."

"ಇಲ್ಲಿ ವಿಳಾಸ ಇತ್ತು ದೋನ್ಯಾ. ಗುಡ್ಡಕ್ಕೆ ಮನೆ ನಂಬರು ಇರಲ್ವಲ್ಲ."

ಅವರು ಪಟ್ಟಿಯ ಕೆಳಗೆ ನುಸುಳಿ ಗುಪ್ಪೆಯ ಅಂಚಿಗೆ ಸರಳು ಊರಿದರು. "ದೋನ್ಯಾ, ಹಬೆ ಹೋಗುತ್ತೆ..." ಎಂದ ಎವರಿಸ್ತೊ. ಅವರು ಮುಖ ನೋಡಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ. ತಗಡಿನ ಪಕ್ಕದಿಂದ ಓರೆಯಾಗಿ ಸುತ್ತಿಗೆಯ ಆರು ಏಟು. ಸರಳನ್ನು ಎಳೆದು ಮೂಗಿನ ಹತ್ತಿರ ಹಿಡಿದರು.

"ದನ," ಎಂದರು. "ಬೆಳ್ಳುಳ್ಳಿ ಜಾಸ್ತಿಯಾಗಿದೆ."

ಇಬ್ಬರು ಪೇದೆಗಳೂ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಆ ಮೂಗಿನ ಮೇಲೆ ಅವರಿಗೆ ಜಿಲ್ಲಾ ಪ್ರಯೋಗಾಲಯಕ್ಕಿಂತ ಹೆಚ್ಚು ನಂಬಿಕೆ. ಅಧಿಕಾರಿಯೂ ಹಗುರಾಗಿ ಆದೇಶದ ಹಾಳೆಯನ್ನು ಹರಿಯಲು ಎರಡೂ ಕೈಯಲ್ಲಿ ಹಿಡಿದರು. "ಒಳ್ಳೇದಾಯ್ತು. ತಜ್ಞರು ಬರೋದು ಬೇಡ. ಫೈಲು ಮುಚ್ಚೋಣ."

ದೋನ್ಯಾ ಎರ್ಮಿನಿಯಾ ಆ ಹಾಳೆಯನ್ನೇ ನೋಡುತ್ತಿದ್ದರು. ಮತ್ತೆ ಸರಳನ್ನು ಮೂಸಿದರು. ಬಹಳ ಹೊತ್ತು ಮೂಸಿದರು.

"ಖಚಿತವಾಗಿ ಹೇಳೋಕಾಗಲ್ಲ," ಎಂದರು.

"ಅಯ್ಯೋ ದೋನ್ಯಾ! ಈಗ ತಾನೇ ದನ ಅಂದ್ರಲ್ಲ!" ಎಂದ ಎವರಿಸ್ತೊ.

"ವಯಸ್ಸಾಯ್ತಪ್ಪ. ಮೂಗು ಮೊದಲಿನ ಹಾಗಿಲ್ಲ."

ಅಧಿಕಾರಿ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟರು. ಜನ ಚದುರಿದರು. ದೋನ್ಯಾ ಎರ್ಮಿನಿಯಾ ಅಡುಗೆಮನೆಗೆ ಬಂದು ಕುರ್ಚಿ ಎಳೆದುಕೊಂಡರು. ಆ ಮನೆಯೊಳಗೆ ಆರು ವರ್ಷದಲ್ಲಿ ಅವರು ಕಾಲಿಟ್ಟದ್ದು ಅದೇ ಮೊದಲು. ಎವರಿಸ್ತೊ ನನ್ನನ್ನು ಸಾಕ್ಷಿಗೆಂದು ಹಿಡಿದು ಕೂರಿಸಿಕೊಂಡಿದ್ದರಿಂದ ಮಾತು ನನಗೂ ಕೇಳಿಸಿತು.

"ಸಹಿ ಆಗಿರೋ ಆದೇಶ ನಾನು ನೋಡಿದ್ದು ಇದೇ ಮೊದಲು," ಎಂದರು. "ತಜ್ಞರು, ಗಾಡಿ, ಅಗೆಯೋರು, ಎಲ್ಲಾ ಬುಧವಾರ ಈ ಊರಿಗೆ ಬರ್ತಾರೆ. ಬಂದವರನ್ನ ನಾನು ಗುಡ್ಡಕ್ಕೆ ಎಳ್ಕೊಂಡು ಹೋಗ್ತೀನಿ. ನೀವು ಗುಂಡಿ ತೆಗೆದ್ರೆ ಅವರು ಬರಲ್ಲ. ತೆಗೀಬೇಡಿ ದೋನ್ ಎವರಿಸ್ತೊ."

"ಬೆಳಿಗ್ಗೆ ಒಂಬತ್ತಕ್ಕೆ ಬೀಗರು ಬರ್ತಾರೆ ದೋನ್ಯಾ. ಅವರಿಗೆ ಹೇಳಿಬಿಟ್ಟಿದ್ದೀನಿ, ತಾತ, ಗುಂಡಿ ಅಂತೆಲ್ಲ..."

"ಗೊತ್ತು. ನಿಮ್ಮ ತಾತ ಹಾಲು ಕುಡೀತಿದ್ರು."

ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಮಹಡಿಯಿಂದ ನೋಡಿದಾಗ ಎವರಿಸ್ತೊ ಕತ್ತರಿ ಹಿಡಿದು ಹಳದಿ ಪಟ್ಟಿಯ ಮುಂದೆ ನಿಂತಿದ್ದ. ಪಟ್ಟಿಯ ಆಚೆ ದೋನ್ಯಾ ಎರ್ಮಿನಿಯಾ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರು ಬೇಡ ಎನ್ನಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಐದು ನಿಮಿಷ ನಿಂತು ಅವನು ಒಳಗೆ ಹೋದ. ಹೊರಬಂದಾಗ ಕತ್ತರಿಯ ಬದಲು ಕೈಯಲ್ಲಿ ಪಾತ್ರೆ ಇತ್ತು. ಅಂಗಡಿಯ ಸಾಲಿನಲ್ಲಿ ಅವನು ಮೂವತ್ತೊಂದನೆಯವನು.

ದೋನ್ ಅಬುಂದಿಯೊ ಹೆಂಡತಿ ಮಗನೊಂದಿಗೆ ಒಂಬತ್ತಕ್ಕೆ ಸರಿಯಾಗಿ ಬಂದರು. ಬಿಸಿ ರೊಟ್ಟಿಯಲ್ಲಿ ಮಾಂಸದ ಎಳೆ ಇಟ್ಟು, ಈರುಳ್ಳಿ ಉದುರಿಸಿ, ನಿಂಬೆ ಹಿಂಡಿ ಒಂದು ತುತ್ತು ತಿಂದರು. ಅಗಿಯುತ್ತ ಕಣ್ಣು ಮುಚ್ಚಿದರು.

"ಚೌಕದ ಅಂಗಡಿದು," ಎಂದರು.

"ಹೌದು," ಎಂದ ಎವರಿಸ್ತೊ.

"ಒಳ್ಳೇ ಅಂಗಡಿ. ನಾವೂ ಅಲ್ಲಿಂದಾನೇ ತರೋದು, ಬಂದೋರಿಗೆ ಮನೇದು ಅಂತೀವಿ." ಎರಡನೇ ರೊಟ್ಟಿಗೆ ಕೈ ಹಾಕಿದರು. ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ಕಿಟಕಿಯಾಚೆ ಕಣ್ಣು ಹೋಯಿತು. "ಆ ಹಳದಿ ಪಟ್ಟಿ ಏನು ಬೀಗರೇ? ಆ ಹೆಂಗಸು ಯಾಕೆ ಕೂತಿದ್ದಾಳೆ?"

ಎವರಿಸ್ತೊ ವಿವರಿಸಿದ. ಸತ್ಯವನ್ನೇ ಹೇಳಿದ. ಅಭ್ಯಾಸವಿಲ್ಲದ್ದರಿಂದ ಅದು ಸುಳ್ಳಿಗಿಂತ ಕೆಟ್ಟದಾಗಿ ಕೇಳಿಸಿತು.

ದೋನ್ ಅಬುಂದಿಯೊ ಟೋಪಿ ಎತ್ತಿಕೊಂಡರು. "ನಿಮ್ಮನ್ನ ನಂಬಲ್ಲ ಅಂತ ಅಲ್ಲ. ಆದ್ರೆ ಪೊಲೀಸರು ಪಟ್ಟಿ ಕಟ್ಟಿದ ಮನೆಯಿಂದ ಹೆಣ್ಣು ತಂದೆ ಅಂತ ನಾಳೆ ಜನ ಅಂದ್ರೆ ನನ್ನ ಲಾರಿಗೆ ದನ ಹತ್ತಿಸೋರು ಯಾರು? ಬುಧವಾರ ನಾನೂ ಬರ್ತೀನಿ. ಗುಂಡಿಯಿಂದ ದನ ಬಂದ್ರೆ ಅಲ್ಲೇ ಮಾತು ಮುಗಿಸೋಣ. ಬರದಿದ್ರೆ ನಮ್ಮ ಪಾಡಿಗೆ ನಾವು."

ಯಾದಿರಾ ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ.

ಬುಧವಾರ ಹತ್ತಕ್ಕೆ ಬರಬೇಕಾದ ತಜ್ಞರು ಹನ್ನೊಂದೂವರೆಗೆ ಬಂದರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಬಿಳಿ ಅಂಗಿ ತೊಟ್ಟ ಮೂವರು ಅಗೆಯುವವರು, ಒಂದು ಗಾಡಿ, ಬರ್ರಾಗಾನ್. ತಗಡು ಸರಿಸಿದಾಗ ಓಣಿಯ ಅರ್ಧ ಜನ ಮನೆಗೆ ಓಡಿದರು. ನಾಲ್ಕು ದಿನದ ಸೆಕೆಯಲ್ಲಿ ಮುಚ್ಚಿಟ್ಟ ಮಾಂಸದ ವಾಸನೆ ಈಗ ಪೂರ್ತಿ ಆರೋಪಕ್ಕೆ ತಕ್ಕಂತಿತ್ತು. ತಜ್ಞರು ಮೂಗಿಗೆ ಬಟ್ಟೆ ಕಟ್ಟಿ ಒಳಗಿಳಿದು, ಕತ್ತಾಳೆ ಪಟ್ಟೆ ಬಿಡಿಸಿ, ಅಳತೆ ತೆಗೆದು, ಐದು ಫೋಟೊ ಹಿಡಿದು, ಬರೆದುಕೊಂಡದ್ದನ್ನು ಓದಿ ಹೇಳಿದರು: "ತಲೆಬುರುಡೆ ಒಂದು. ದನದ್ದು. ವಯಸ್ಕ."

ದೋನ್ ಅಬುಂದಿಯೊ ನಕ್ಕು ಕೈ ಚಾಚಿದರು. "ಬನ್ನಿ ಬೀಗರೇ!"

"ಗುಡ್ಡ ಇಲ್ಲಿಂದ ಹನ್ನೊಂದು ಕಿಲೋಮೀಟರು," ಎಂದರು ದೋನ್ಯಾ ಎರ್ಮಿನಿಯಾ. ಅವರು ತಜ್ಞರ ಮುಂದೆ ನಿಂತಿದ್ದರು. "ಜಾಗ ನಾನು ತೋರಿಸ್ತೀನಿ. ಸರಳು ಇಳಿಸಿ ನೋಡಿದ್ದೀನಿ. ಅಲ್ಲಿ ಇದ್ದಾರೆ."

"ಆದೇಶದಲ್ಲಿ ಈ ವಿಳಾಸ ಮಾತ್ರ ಇದೆ ತಾಯಿ."

"'ಮತ್ತು ಸಂಬಂಧಿಸಿದ ಸ್ಥಳಗಳು' ಅಂತ ಇದೆ. ಓದಿ."

ತಜ್ಞರು ಓದಿದರು. "ಇದೆ. ಆದ್ರೆ ಸಂಬಂಧ ಇದೆ ಅಂತ ಆರೋಪಿ ಹೇಳಬೇಕು. ನೀವಲ್ಲ. ಅಧಿಕಾರಿಗಳೇ, ಮುಚ್ಚಿಬಿಡಿ ಫೈಲು." ಅಗೆಯುವವರು ಕೈಗವಸು ಕಳಚತೊಡಗಿದರು. ದೋನ್ಯಾ ಎರ್ಮಿನಿಯಾ ಯಾರನ್ನೂ ಬೇಡಲಿಲ್ಲ. ಸರಳಿನ ಮೇಲೆ ಭಾರ ಹಾಕಿ ನಿಂತರು.

ದೋನ್ ಅಬುಂದಿಯೊ ಅವರ ಕೈ ಇನ್ನೂ ಚಾಚಿಯೇ ಇತ್ತು. ಎವರಿಸ್ತೊ ಆ ಕೈಯನ್ನು ನೋಡಿದ, ಅದನ್ನು ಹಿಡಿಯಲು ತನ್ನ ಕೈಯನ್ನೂ ಎತ್ತಿದ್ದ.

"ಸಂಬಂಧ ಇದೆ," ಎಂದ.

ಎಲ್ಲರೂ ತಿರುಗಿದರು.

"ತಲೆ ಇಲ್ಲಿದೆ ಸಾಹೇಬ್ರೆ. ಮೈ ಎಲ್ಲಿ ಅಂತ ನಾಲ್ಕು ದಿನದಿಂದ ಯಾರೂ ಕೇಳ್ಲೇ ಇಲ್ಲ." ಎತ್ತಿದ್ದ ಕೈಯನ್ನು ಇಳಿಸಿದ. "ಹೇಸರಗತ್ತೆ ಗುಡ್ಡದಲ್ಲಿದೆ. ನಾನೇ ಹೂತೆ."

"ದನದ ಮೈನಾ?" ಎಂದರು ಬರ್ರಾಗಾನ್.

"ಅಗೆದ್ರೆ ಗೊತ್ತಾಗುತ್ತೆ."

"ಮುಚ್ಚೋ ಬಾಯಿ!" ಎಂದು ಲುಸಿಲಾ ಕಿರುಚಿದಳು. ದೋನ್ ಅಬುಂದಿಯೊ ಕೈ ಹಿಂದಕ್ಕೆ ತೆಗೆದುಕೊಂಡು, ಪ್ಯಾಂಟಿಗೆ ಒರೆಸಿ, ಮಗನನ್ನು ಕರೆದುಕೊಂಡು ಹೊರಟುಹೋದರು. ಪೇದೆ ಎವರಿಸ್ತೊನಿಗೆ ಕೋಳ ಹಾಕಿದ. ತಜ್ಞರು ಗಡಿಯಾರ ನೋಡಿ, ಕೈಗವಸು ಮತ್ತೆ ಹಾಕಿಕೊಳ್ಳಿ ಎಂದು ಸನ್ನೆ ಮಾಡಿದರು.

ಸರಕಾರಿ ಗಾಡಿಯಲ್ಲಿ ದೋನ್ಯಾ ಎರ್ಮಿನಿಯಾರಿಗೆ ಜಾಗ ಕೊಡಲಿಲ್ಲ. ನಾನು ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಗುಡ್ಡದ ಬುಡದಲ್ಲಿ ಎವರಿಸ್ತೊ ಗಾಡಿಯಿಂದಿಳಿದು ಸುತ್ತ ನೋಡಿದ. ಆ ಕಡೆ ಅವನು ಜನ್ಮದಲ್ಲಿ ಕಾಲಿಟ್ಟವನಲ್ಲ.

"ತೋರಿಸು," ಎಂದರು ಬರ್ರಾಗಾನ್.

ಅವನು ಒಂದು ಪೊದೆಯ ಕಡೆ ಬೆರಳು ತೋರಿಸಿದ. ದೋನ್ಯಾ ಎರ್ಮಿನಿಯಾ ಕೆಮ್ಮಿದರು. ಬೆರಳು ಎಡಕ್ಕೆ ಹೋಯಿತು. ಮತ್ತೆ ಕೆಮ್ಮು. ಅವರು ಒಂದು ಒಣಗಿದ ಜಾಲಿಯ ಪಕ್ಕ ಹೋಗಿ ಬೂಟಿನ ದಾರ ಕಟ್ಟಿಕೊಳ್ಳಲು ಕೂತರು. "ಅಲ್ಲೇ," ಎಂದ ಎವರಿಸ್ತೊ, "ಆ ಅಮ್ಮ ಕೂತಿರೋ ಕಡೆ. ಸ್ವಲ್ಪ ಎದ್ದೇಳಿ ದೋನ್ಯಾ."

ಬರ್ರಾಗಾನ್ ಇದನ್ನು ಕಂಡರು. ಬರೆದುಕೊಳ್ಳಲಿಲ್ಲ. ಅಷ್ಟನ್ನು ಅವರ ಪರವಾಗಿ ಹೇಳಬೇಕು.

ನಲವತ್ತು ಸೆಂಟಿಮೀಟರು ಅಗೆದಾಗ ಮೊದಲು ಒಂದು ಬೆಲ್ಟು ಸಿಕ್ಕಿತು. ಅಗೆಯುವವರು ಸಲಿಕೆ ಬಿಟ್ಟು ಕೈಯಲ್ಲಿ ಮಣ್ಣು ಸರಿಸತೊಡಗಿದರು. ಸಂಜೆಯ ಹೊತ್ತಿಗೆ ಇಬ್ಬರು ಸಿಕ್ಕಿದ್ದರು. ದೋನ್ಯಾ ಎರ್ಮಿನಿಯಾ ಒಂದೊಂದನ್ನೂ ಬಗ್ಗಿ ನೋಡಿದರು. ಎಫ್ರೈನನ ಎಡಗಡೆಯ ಮುಂದಿನ ಹಲ್ಲಿಗೆ ಬೆಳ್ಳಿ ಕಟ್ಟಿಸಿತ್ತು. ಇಬ್ಬರಲ್ಲಿ ಯಾರಿಗೂ ಅದಿರಲಿಲ್ಲ. ಅವರು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಂಡರು. ಇನ್ನೊಬ್ಬ ತಾಯಿಗೆ ಫೋನು ಮಾಡಿ, "ಬೆಲ್ಟಿನ ಬಿಲ್ಲೆ ಕುದುರೇದು, ನಿಮ್ಮವನದಾ ನೋಡಿ," ಎಂದರು. ಅವರದೇ ಆಗಿತ್ತು. ಎರಡನೆಯವನು ಯಾರೆಂದು ಇಂದಿಗೂ ತಿಳಿದಿಲ್ಲ.

ಎವರಿಸ್ತೊನನ್ನು ಒಂಬತ್ತು ದಿನ ಒಳಗಿಟ್ಟಿದ್ದರು. ಆ ಬೆಲ್ಟಿನವನು ಕಾಣೆಯಾದ ಕಾಲದಲ್ಲಿ ಎವರಿಸ್ತೊ ಬೆಳಿಗ್ಗೆ ಎಂಟರಿಂದ ಮೂರರವರೆಗೆ ಜನನದ ಕಿಟಕಿಯಲ್ಲಿ, ಆಮೇಲೆ ಮನೆಯಲ್ಲಿ ಇದ್ದನೆಂದು ಓಣಿಯವರೆಲ್ಲ ಸಾಕ್ಷಿ ಹೇಳಿದರು. ದೋನ್ಯಾ ತೆಂಚಾ ಮೂರು ಸಲ ಹೇಳಿದರು. "ಅವನ ಕೈಲಿ ಕೊಲೆ ಆಗೋ ಮಾತಾ ಸಾಹೇಬ್ರೆ? ಮೊಟ್ಟೇನೇ ಬೇಯಿಸೋಕೆ ಬರಲ್ಲ." ಕೊಲೆಯ ಆರೋಪ ಬಿದ್ದುಹೋಯಿತು, ಸುಳ್ಳು ಹೇಳಿಕೆಯ ಆರೋಪ ಉಳಿದಿದೆ. ಪ್ರತಿ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕಿ ಬರುತ್ತಾನೆ. ಮದುವೆಯ ಮಾತು ನಾನು ಇದನ್ನು ಬರೆಯುವ ಹೊತ್ತಿಗೆ ಮುಂದುವರಿದಿಲ್ಲ.

ಅವನು ಬಿಡುಗಡೆಯಾದ ಮರುದಿನ ನಾನು ಅವನ ಅಡುಗೆಮನೆಯಲ್ಲಿದ್ದೆ. ದೋನ್ಯಾ ಎರ್ಮಿನಿಯಾ ಬಂದರು. ಲುಸಿಲಾ ಅವರ ಮುಂದೆ ಕಾಫಿ ಇಟ್ಟಳು. ಯಾದಿರಾ ಎದ್ದು ಹೋಗಲಿಲ್ಲ, ಆದರೆ ಮುಖ ಎತ್ತಲೂ ಇಲ್ಲ. ಅರ್ಧ ಕಾಫಿ ಕುಡಿದು ದೋನ್ಯಾ ಲೋಟ ಕೆಳಗಿಟ್ಟರು.

"ಇನ್ನೊಂದು ಜಾಗ ಇದೆ," ಎಂದರು ದೋನ್ಯಾ ಎರ್ಮಿನಿಯಾ. "ರೈಲು ಹಳಿ ಆಚೆ. ತಜ್ಞರನ್ನ ಕೇಳಿದೆ. ಆಗಲ್ಲ ಅಂದ್ರು."

ಲುಸಿಲಾ ಗಂಡನನ್ನು ನೋಡಿದಳು. ಎವರಿಸ್ತೊ ಮಗಳನ್ನು ನೋಡಿದ. ಯಾದಿರಾ ತುಂಬ ಹೊತ್ತು ಮೇಜಿನ ಬಟ್ಟೆಯ ಅಂಚನ್ನು ಮಡಚುತ್ತಿದ್ದಳು. ಕೊನೆಗೆ ಒಮ್ಮೆ ತಲೆಯಾಡಿಸಿದಳು.

ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ಅಲ್ಲಿ ನಾನು ಏನನ್ನ ಹೂತಿದ್ದೀನಿ ಅಂತ ಹೇಳ್ಬೇಕು ದೋನ್ಯಾ?"